ಮುಂದಿನ ಬೆಳೆ ಏನು ಎಂದು ಕೇಳುತ್ತಿದ್ದವರು

ನಾನು ಅವರ ಮುಖ ನೋಡಿದ್ದಕ್ಕಿಂತ ದನಿ ಕೇಳಿದ್ದೇ ಹೆಚ್ಚು. ಮದ್ದೂರಿನ ಒಂದು ಪುಟ್ಟ ಇಂಟರ್ನೆಟ್ ಕಂಪನಿಯಲ್ಲಿ ಒಂಬತ್ತು ವರ್ಷ ಜೊತೆಗೆ ದುಡಿದೆವು. ಆದರೆ ಕೆಲಸದ ಹೊತ್ತಿನಲ್ಲಿ ಅವರು ಒಂದು ಊರಿನ ತಾರಸಿಯ ಮೇಲಿದ್ದರೆ ನಾನು ಇನ್ನೊಂದು ಊರಿನ ತಾರಸಿಯ ಮೇಲೆ. ನಡುವೆ ಮೈಲಿಗಟ್ಟಲೆ ಗದ್ದೆ. ನಮ್ಮ ಕೆಲಸವೇ ಅಂಥದ್ದು. ತಂತಿ ಎಳೆಯಲು ಆಗದ ಕಡೆಗೆ ಇಂಟರ್ನೆಟ್ ಮುಟ್ಟಿಸಬೇಕಾದರೆ ಎರಡು ಊರಲ್ಲಿ ಎರಡು ಡಿಶ್ ಎದುರುಬದುರು ನಿಲ್ಲಿಸಬೇಕು. ಅದಕ್ಕೆ ಲಿಂಕು ಅನ್ನುತ್ತೇವೆ. ಒಬ್ಬರು ಡಿಶ್ ತಿರುಗಿಸುವುದು, ಇನ್ನೊಬ್ಬರು ಆ ಕಡೆ ಲ್ಯಾಪ್‌ಟಾಪ್ ನೋಡಿ ಫೋನಿನಲ್ಲಿ ಸಿಗ್ನಲ್ಲು ಎಷ್ಟು ಬರುತ್ತಿದೆ ಎಂದು ಕೂಗುವುದು. ಮಧ್ಯಾಹ್ನದ ಬಿಸಿಲಲ್ಲಿ ಎರಡೆರಡು ಗಂಟೆ ಹೀಗೆ ಮಾತಾಡಿದರೆ ಆ ಮನುಷ್ಯ ಎಂಥವನು ಎಂದು ಗೊತ್ತಾಗಿಬಿಡುತ್ತದೆ, ಮುಖ ನೋಡುವ ಅಗತ್ಯ ಇರುವುದಿಲ್ಲ.

ಕಳೆದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರ ಹೆಸರನ್ನು ಪೇಪರಿನಲ್ಲಿ ಹಾಕಿದರೆ 'ಏನವ್ವ, ನಾನೇನ್ ಎಲೆಕ್ಷನ್ಗೆ ನಿಂತಿದ್ದೀನಾ?' ಅನ್ನುತ್ತಿದ್ದರು. ನಾನು ಅಣ್ಣ ಅನ್ನುತ್ತಿದ್ದೆ, ಇಲ್ಲೂ ಅಷ್ಟೇ ಸಾಕು.

ನಿಡಘಟ್ಟದವರು. ಓದು ಏಳನೇ ಕ್ಲಾಸು. ಟೀವಿ ಹೊಸದಾಗಿ ಹಳ್ಳಿಗೆ ಬಂದ ಕಾಲದಲ್ಲಿ ಮನೆ ಮನೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ಕಟ್ಟಿ ಜೀವನ ಶುರುಮಾಡಿದವರು. ಆಮೇಲೆ ಕೇಬಲ್ಲು, ಆಮೇಲೆ ನಮ್ಮ ಕಂಪನಿ. ಮದ್ದೂರು, ಮಳವಳ್ಳಿ, ಮಂಡ್ಯದ ನಡುವೆ ಅವರು ಹತ್ತದ ತಾರಸಿ ಇರಲಿಲ್ಲ ಎಂದರೆ ಒಂದಿಷ್ಟು ಉತ್ಪ್ರೇಕ್ಷೆ ಇರಬಹುದು, ಜಾಸ್ತಿ ಇಲ್ಲ. ನಾನು ಆಗ ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಎಲ್ಲಾ ಗೊತ್ತು ಎಂಬ ಜಂಬ ಹೊತ್ತು ಸೇರಿದವಳು. ಮೊದಲ ದಿನ ಅವರು ಕೇಳಿದ್ದು ಒಂದೇ ಮಾತು.

"ನಿಂಗೆ ಏಣಿ ಅತ್ತಾಕೆ ಬತ್ತದಾ?"

"ಬರುತ್ತೆ."

"ಇಳ್ಯಾಕೆ?"

ನನಗೆ ಸಿಟ್ಟು ಬಂತು. ಅವತ್ತೇ ಮಳವಳ್ಳಿಯ ಒಂದು ಅಕ್ಕಿ ಗಿರಣಿಯ ಶೀಟಿನ ಮೇಲೆ ಹತ್ತಿ, ಇಳಿಯಲಾಗದೆ ಅಲ್ಲೇ ಕೂತೆ. ಅವರು ನಗಲಿಲ್ಲ. ಕೆಳಗೆ ನಿಂತು ಒಂದೊಂದೇ ಮೆಟ್ಟಿಲು ಹೇಳಿ ಇಳಿಸಿಕೊಂಡರು. ಆಮೇಲೆ ಟೀ ಅಂಗಡಿಯಲ್ಲಿ, "ಅತ್ತೋದು ಎಲ್ರಿಗೂ ಬತ್ತದೆ ಕಣವ್ವ," ಎಂದಷ್ಟೇ ಹೇಳಿ ನನ್ನ ಕಡೆಗೆ ಬನ್ನು ತಳ್ಳಿದರು.

ಸಿಗ್ನಲ್ಲಿನ ಲೆಕ್ಕ ಮೈನಸ್ಸಿನಲ್ಲಿ ಬರುತ್ತದೆ. ಮೈನಸ್ ಎಪ್ಪತ್ತು ಕೆಟ್ಟದ್ದು, ಮೈನಸ್ ಐವತ್ತೈದು ಒಳ್ಳೆಯದು. ಅವರಿಗೆ ಡೆಸಿಬಲ್ ಎಂದರೇನು ಎಂದು ನಾನು ಪಾಠ ಮಾಡಲು ಹೋದೆ. ಅವರು ಅರ್ಧ ನಿಮಿಷ ಕೇಳಿ, "ಮೈನಸ್ ತೆಗ್ದಾಕು. ಬರೀ ನಂಬರ್ ಯೋಳು. ಕಮ್ಮಿ ಆದ್ರೆ ವಾಸಿ, ಜಾಸ್ತಿ ಆದ್ರೆ ಕಾಯ್ಲೆ. ಜ್ವರ ಇದ್ದಂಗೆ ಅಂದ್ಕತೀನಿ ಬುಡು," ಅಂದರು. ಮೂರು ವರ್ಷ ಕಾಲೇಜಿನಲ್ಲಿ ನಮ್ಮ ಲೆಕ್ಚರರ್ ಹೇಳಿದ್ದಕ್ಕಿಂತ ಅದು ಸಲೀಸಾಗಿತ್ತು. ಅಂದಿನಿಂದ ನಾನು ಫೋನಿನಲ್ಲಿ "ಅರವತ್ತೆಂಟು, ಅರವತ್ತೇಳು, ಅರವತ್ತಾರು" ಎಂದು ಕೂಗುವುದು, ಅವರು ಆ ಕಡೆ ಉಸಿರು ಬಿಗಿಹಿಡಿದು ಡಿಶ್ ಸರಿಸುವುದು.

ಅದರಲ್ಲೂ ಅವರದೊಂದು ಪದ್ಧತಿ ಇತ್ತು. ನಂಬರು ಐವತ್ತೈದಕ್ಕೆ ಬಂದು ನಾನು "ಸಾಕು ಅಣ್ಣ, ಬಿಗಿ ಮಾಡಿ" ಎಂದು ಕಿರುಚಿದರೂ ನಿಲ್ಲಿಸುತ್ತಿರಲಿಲ್ಲ. ಇನ್ನೂ ತಿರುಗಿಸುವರು. ಸಿಗ್ನಲ್ಲು ಕೆಡುವವರೆಗೂ ತಿರುಗಿಸಿ, ಆಮೇಲೆ ವಾಪಸ್ ಬರುವರು. "ಸಿಕ್ತು ಅಂತ ನಿಂತ್ಕಬಾರ್ದು. ದಾಟೋಗಿ ನೋಡ್ಬುಟ್ಟು ವಾಪಸ್ ಬರ್ಬೇಕು. ಮುಂದೆ ಇನ್ನೂ ಒಳ್ಳೇದ್ ಇದ್ರೆ?" ಡಿಶ್ಶಿನಿಂದ ನೇರ ಹೊರಡುವುದನ್ನು ಬಿಟ್ಟು ಪಕ್ಕಕ್ಕೆ ಚೆಲ್ಲುವ ಸಣ್ಣ ಸಿಗ್ನಲ್ಲು ಹಿಡಿದು ಅದೇ ನಿಜವೆಂದು ಮೋಸಹೋಗುವುದು ನಮ್ಮ ಕೆಲಸದಲ್ಲಿ ಎಲ್ಲರೂ ಮಾಡುವ ತಪ್ಪು. ಅವರು ಮಾಡಿದ್ದನ್ನು ನಾನು ಕಾಣೆ. ಕೊನೆಗೆ ನಟ್ಟು ಬಿಗಿದ ಮೇಲೆ, ಡಿಶ್ ಹಿಡಿದಿಡುವ ಕ್ಲಾಂಪಿನಿಂದ ಪೈಪಿಗೆ ಅಡ್ಡಲಾಗಿ ಕೆಂಪು ಪೇಂಟಿನ ಒಂದು ಗೆರೆ ಎಳೆಯುವರು. ಡಿಶ್ ಗಾಳಿಗೆ ಒಂದು ಕೂದಲೆಳೆ ಜಾರಿದರೂ ಗೆರೆ ತುಂಡಾಗುತ್ತದೆ, ಹೋಗಿ ನೋಡಿದವರಿಗೆ ಗೊತ್ತಾಗುತ್ತದೆ.

ಯಾರ ಮನೆಯ ತಾರಸಿಯೇ ಆಗಲಿ, ಚಪ್ಪಲಿ ಬಿಟ್ಟೇ ಹತ್ತುವರು. ಮನೆಯ ಯಜಮಾನ ಒಪ್ಪಿದ್ದರೂ ಯಜಮಾನಿಯನ್ನು ಕರೆದು, "ತಾಯಿ, ನೀವು ಹಪ್ಪಳ ಎಲ್ಲಿ ಒಣಗಾಕ್ತೀರಿ, ಬಟ್ಟೆ ಎಲ್ಲಿ ಆಕ್ತೀರಿ?" ಎಂದು ಕೇಳಿ, ಆ ಜಾಗ ಬಿಟ್ಟು ಪೈಪು ನೆಡುವರು. ನಾವು ಕಟ್ಟಿದ ಎಷ್ಟೋ ಲಿಂಕುಗಳು ಇವತ್ತಿಗೂ ಯಾರೂ ಕೀಳದೆ ಉಳಿದಿರುವುದಕ್ಕೆ ನನ್ನ ಡಿಪ್ಲೊಮಾ ಕಾರಣವಲ್ಲ, ಅವರು ಕೇಳಿದ ಹಪ್ಪಳದ ಪ್ರಶ್ನೆ.

ಆದರೆ ನನಗೆ ತಲೆ ಕೆಡುತ್ತಿದ್ದದ್ದು ಅವರ ಇನ್ನೊಂದು ಪ್ರಶ್ನೆಯಿಂದ. ಲಿಂಕು ಹಾಕುವ ಮೊದಲು ನಡುವಿನ ದಾರಿಯಲ್ಲಿ ಮರ, ಮನೆ, ಟ್ಯಾಂಕು ಏನಿದೆ ಎಂದು ಸರ್ವೆ ಮಾಡುತ್ತೇವೆ. ಅಷ್ಟು ಬರೆದುಕೊಂಡರೆ ಸಾಕು. ಇವರಿಗೆ ಸಾಲದು. ಮೊಪೆಡ್ಡಿನಲ್ಲಿ ಗದ್ದೆಗದ್ದೆಗೆ ಹೋಗಿ, ಬದುವಿನ ಮೇಲೆ ಕೂತವರನ್ನು ಮಾತಾಡಿಸುವರು.

"ಏನಣ್ಣ, ಇದಾದ್ಮೇಲೆ ಮುಂದ್ಕೆ ಏನ್ ಆಕ್ತೀಯ?"

"ಯಾಕಪ್ಪಾ? ನೀನೇನ್ ಸಕ್ಕರೆ ಫ್ಯಾಕ್ಟ್ರಿಯವ್ನಾ?"

"ಅಲ್ಲ ಕಣಣ್ಣ, ಇಂಟರ್ನೆಟ್ನವ್ನು."

"ಇಂಟರ್ನೆಟ್ನವ್ನಿಗೆ ನನ್ ಗದ್ದೆ ಸುದ್ದಿ ಯಾಕ್ಲಾ?"

ಅಲ್ಲಿಂದ ಮಾತು ಎಲ್ಲಿಗೋ ಹೋಗುವುದು. ವಿ.ಸಿ. ಫಾರಂನಲ್ಲಿ ಕೊಟ್ಟ ಹೊಸ ಭತ್ತದ ತಳಿ ಹೇಗೆ ಬಂತು, ಯಾರ ಮನೆ ಎಮ್ಮೆ ಕರು ಹಾಕಿತು, ನಾಲೆ ನೀರು ಯಾವಾಗ ಬಿಡುತ್ತಾರೆ. ನಾನು ಬಿಸಿಲಲ್ಲಿ ನಿಂತು ಹಲ್ಲು ಕಡಿಯುವುದು. ಒಮ್ಮೆ ತಡೆಯಲಾಗದೆ, "ನಮಗೇನಾಗಬೇಕು ಅಣ್ಣ? ಬೆಳೆ ಕೆಳಗಿದೆ, ಡಿಶ್ ಮೇಲಿದೆ," ಎಂದೆ. ಅವರು ಒಂದು ಹಳೆಯ ಕಥೆ ಹೇಳಿದರು. ಒಬ್ಬ ಪುಣ್ಯಾತ್ಮ ಲಿಂಕಿನ ಕೆಳಗೇ ಹೆಬ್ಬೇವು ನೆಟ್ಟನಂತೆ, ಮೂರೇ ವರ್ಷದಲ್ಲಿ ಮರ ಎದ್ದು ಸಿಗ್ನಲ್ಲಿಗೆ ಗೋಡೆ ಕಟ್ಟಿತಂತೆ. ಸರಿ, ಹೆಬ್ಬೇವು ಕೇಳಿಕೊಂಡರೆ ಸಾಕಲ್ಲ, ಭತ್ತ ಕಬ್ಬು ಎಲ್ಲಾ ಯಾಕೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ. ಹರಟೆಗೆ ಒಂದು ನೆವ ಬೇಕು ಮನುಷ್ಯನಿಗೆ, ಅಷ್ಟೇ ಅಂದುಕೊಂಡೆ.

ಈಗ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಇದನ್ನು ಹೇಳಲು ನಾಲಿಗೆ ಬರದೆ.

ಕೊಪ್ಪದ ಕಡೆ ಒಂದು ಹಳ್ಳಿಯಲ್ಲಿ ಸಣ್ಣ ಆಸ್ಪತ್ರೆ. ಒಬ್ಬರೇ ಲೇಡಿ ಡಾಕ್ಟರು. ಎದೆನೋವು ಎಂದು ಬಂದವರ ಇಸಿಜಿ ತೆಗೆದು ಮಂಡ್ಯದ ಹೃದಯದ ಡಾಕ್ಟರಿಗೆ ಕಳಿಸುವರು. ಅವರು ನೋಡಿ, ಅಲ್ಲೇ ಇಟ್ಟುಕೊಳ್ಳಿ ಅಥವಾ ಈಗಲೇ ಹೊರಡಿಸಿ ಎಂದು ಹೇಳುವರು. ಅಲ್ಲಿ ಮೊಬೈಲ್ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮದ್ದೂರಿನಿಂದ ಲಿಂಕು ಹಾಕಿ ಎಂದರು. ಆಗಷ್ಟೇ ಕಂಪನಿಯ ಸಾರ್ ಸರ್ವೆ ಕೆಲಸವನ್ನೆಲ್ಲ ನನ್ನ ಕೈಗೆ ಒಪ್ಪಿಸಿದ್ದರು. ಒಬ್ಬಳೇ ಹೋದೆ.

ದಾರಿಯ ನಡುವೆ ದೊಡ್ಡದೊಂದು ಬಯಲು, ತುಂಬ ಆಳೆತ್ತರದ ಕಬ್ಬು. ಬದುವಿನ ಮೇಲೆ ಗದ್ದೆಯವನು ಬುತ್ತಿ ಬಿಚ್ಚಿಕೊಂಡು ಕೂತಿದ್ದ. ನೋಡಿದೆ. ಅವನೂ ನನ್ನನ್ನು ನೋಡಿ, ಮಾತಾಡಿಸುತ್ತಾಳೇನೋ ಎಂದು ತುತ್ತು ನಿಲ್ಲಿಸಿದ. ಮೂರು ಗಂಟೆಗೆ ಮಳವಳ್ಳಿಯಲ್ಲಿ ಇನ್ನೊಂದು ಸರ್ವೆ ಇತ್ತು. 'ಕಬ್ಬು, ತೊಂದರೆ ಇಲ್ಲ' ಎಂದು ಬರೆದು ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಲಿಂಕು ಹಾಕಿದವರು ಅಣ್ಣನೇ. ಐವತ್ತನಾಲ್ಕು ನಂಬರು. ಡಾಕ್ಟರಮ್ಮ ಖುಷಿಯಾಗಿ ಕಾಫಿ ಕೊಟ್ಟರು. ಐದು ತಿಂಗಳು ಒಂದೇ ಒಂದು ದೂರು ಬರಲಿಲ್ಲ. ಆಮೇಲೆ ಶ್ರಾವಣದಲ್ಲಿ ಶುರುವಾಯಿತು. ಬೆಳಗಿನ ಹೊತ್ತು ಲಿಂಕು ಸಾಯುವುದು, ಹನ್ನೊಂದು ಗಂಟೆಗೆ ತಾನಾಗೇ ಎದ್ದು ಕೂರುವುದು. ರೋಗಿಗಳು ಬರುವುದೇ ಬೆಳಿಗ್ಗೆ. ಒಂದು ದಿನ ಒಬ್ಬ ಅಜ್ಜಿಯ ಇಸಿಜಿ ಅರ್ಧ ಹೋಗಿ ನಿಂತುಬಿಟ್ಟಿತು. ಡಾಕ್ಟರಮ್ಮ ಕಾದು ಕಾದು, ಹೃದಯದ ಡಾಕ್ಟರ ಉತ್ತರ ಸಿಗದೆಯೇ ಗಾಡಿ ಹತ್ತಿಸಿ ಮಂಡ್ಯಕ್ಕೆ ಕಳಿಸಿದರು. ಅಜ್ಜಿ ಬದುಕಿತು. ಡಾಕ್ಟರಮ್ಮ ಮಾತ್ರ ಸಾರ್‌ಗೆ ಫೋನ್ ಮಾಡಿ, "ಇನ್ನೊಂದು ಸಲ ಹೀಗಾದರೆ ನಿಮ್ಮ ಡಿಶ್ ನಾನೇ ಕಿತ್ತು ಬಿಸಾಡ್ತೀನಿ," ಅಂದರು. ಅವರು ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಸಾರ್ ನಮ್ಮನ್ನೆಲ್ಲ ಕೂರಿಸಿಕೊಂಡು, "ಏನು ಕಾರಣ?" ಎಂದರು. ಯಾರೂ ಬಾಯಿ ಬಿಡುವ ಮೊದಲೇ ನಾನು ಬಿಟ್ಟೆ.

"ಡಿಶ್ ಜಾರಿದೆ ಸಾರ್. ಅಣ್ಣನಿಗೆ ಕಣ್ಣಿನ ಆಪರೇಷನ್ ಆದಮೇಲೆ ಮೊದಲಿನ ಹಾಗೆ ಕಾಣಲ್ಲ. ಸರಿಯಾಗಿ ಬಿಗಿ ಮಾಡಿಲ್ಲ."

ಅವರಿಗೆ ಆ ವರ್ಷ ಪೊರೆ ತೆಗೆಸಿದ್ದು ನಿಜ. ನನ್ನ ಮಾತನ್ನು ನಾನೇ ಅರ್ಧ ನಂಬಿದ್ದೂ ನಿಜ. ಆದರೆ ಅಷ್ಟು ಅವಸರದಿಂದ ಯಾಕೆ ಹೇಳಿದೆ ಎಂದರೆ, ಸರ್ವೆ ಕಡೆಗೆ ಮಾತು ತಿರುಗೀತು ಎಂಬ ಹೆದರಿಕೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು, "ಇರ್ಬೋದು. ಓಗಿ ನೋಡುಮ," ಎಂದರು. ಸಾರ್, "ನೀವು ಹತ್ತಬೇಡಿ, ಕೆಳಗಿರಿ. ಮೇಡಂ ಹತ್ತಲಿ," ಎಂದರು.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಇಬ್ಬರೂ ಆಸ್ಪತ್ರೆಯಲ್ಲಿದ್ದೆವು. ಆ ದಿನ ಮದ್ದೂರಿನ ಕಡೆ ಲ್ಯಾಪ್‌ಟಾಪ್ ನೋಡಲು ಆಫೀಸಿನ ಇನ್ನೊಬ್ಬರು ಕೂತಿದ್ದರು. ನಾನು ಮೇಲೆ ಹತ್ತಿ ಕ್ಲಾಂಪು ನೋಡಿದೆ. ಕೆಂಪು ಗೆರೆ ಹಾಗೇ ಇತ್ತು, ಒಂದು ಕೂದಲೆಳೆಯೂ ತುಂಡಾಗಿರಲಿಲ್ಲ. ಡಿಶ್ ಜಾರಿರಲಿಲ್ಲ. ಅವರ ಕೈ ತಪ್ಪಿರಲಿಲ್ಲ. ಮೇಲಿಂದಲೇ ಅದನ್ನು ಕೂಗಿ ಹೇಳಬಹುದಿತ್ತು. ನಾನು ಸುಮ್ಮನೆ ಲ್ಯಾಪ್‌ಟಾಪ್ ತೆರೆದೆ. ನಂಬರು ಎಪ್ಪತ್ತೆಂಟು, ಎಂಬತ್ತು, ಹೀಗೆ ಕುಣಿಯುತ್ತಿತ್ತು.

ಕೆಳಗೆ ಕಾಂಪೌಂಡಿನ ಹತ್ತಿರ ಅವರು ಬಯಲನ್ನೇ ನೋಡುತ್ತ ನಿಂತಿದ್ದರು.

"ಕಬ್ಬೆಲ್ಲೋಯ್ತವ್ವ?"

ನಾನೂ ಆಗಲೇ ನೋಡಿದ್ದು. ಕಬ್ಬು ಕಡಿದು ಭತ್ತಕ್ಕೆ ಹದ ಮಾಡಿದ್ದರು. ನಾಲೆ ನೀರು ಬಿಟ್ಟಿದ್ದರು. ಬಯಲು ಪೂರ್ತಿ ತೆಳ್ಳಗೆ ನೀರು ನಿಂತು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಆ ಆಂಟೆನಾ ಕಾಲ್ದಲ್ಲಿ ಟೀವೀಲಿ ಒಬ್ಬ ಮನ್ಸ ನಿಂತಿದ್ರೆ ಪಕ್ಕದಲ್ಲಿ ಅವ್ನ ನೆಳ್ಳಂಗೆ ಇನ್ನೊಬ್ಬ ಕಾಣೋನು, ಗೊತ್ತಾ?" ಎಂದರು. "ಕೆರೆ ತುಂಬ್ದಾಗ ಅಂಗಾಗೋದು. ನೆಟ್ಟಗೆ ಬರೋ ಸಿಗ್ನಲ್ಲು ಒಂದು, ನೀರ್ಗೆ ಬಡ್ದು ಬರೋದು ಇನ್ನೊಂದು. ಎರಡೂ ಒಟ್ಗೆ ಬಂದು ಕಿತ್ತಾಡ್ಕತವೆ. ಬೆಳಿಗ್ಗೆ ತಣ್ಣಗಿರೋವಾಗ ಜಾಸ್ತಿ. ಕಬ್ಬಿದ್ದಾಗ ಅದು ನುಂಗ್ಕಂತಿತ್ತು, ಈಗ ನುಂಗೋರಿಲ್ಲ."

ಕಬ್ಬು ಬೆಳೆದು ಅಡ್ಡ ಬಂದೀತು ಎಂದು ಎಲ್ಲರೂ ಹೆದರುವುದು. ಕಬ್ಬು ಹೋಗಿ ಕೇಡಾಗುತ್ತದೆ ಎಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಸಾರ್ ಫೋನಿನಲ್ಲಿ ಇನ್ನೂ ಉದ್ದದ ಪೈಪು ಕಳಿಸುತ್ತೇನೆ, ಎತ್ತರ ಮಾಡಿ ಎಂದರು. ಅಣ್ಣ ಬೇಡವೆಂದರು. "ಎತ್ರ ಬ್ಯಾಡಿ, ಇಳಿಸ್ಬೇಕು. ಈ ಕಡೆ ಇಳಿಸಿದ್ರೆ ಅದು ಬಡ್ಯೋ ಜಾಗಾನೂ ಈ ಕಡೀಕೆ ಬತ್ತದೆ. ಇಲ್ಲಿ ತೆಂಗಿನ ತೋಟ ಅದೆ, ನೀರಿಲ್ಲ." ಎರಡು ಮನೆಗಳ ನಡುವಿನ ಸಂದಿಯಲ್ಲಿ ಮದ್ದೂರಿನ ಕಡೆಗೆ ದಾರಿ ಕಾಣುವ ಒಂದು ಜಾಗ ಹುಡುಕಿ, ಪೋರ್ಟಿಕೋ ಗೋಡೆಗೆ ಡಿಶ್ ಇಳಿಸಿ ಕಟ್ಟಿಸಿದರು. ಆ ಸಂದಿಯನ್ನು ಕಂಡದ್ದು ಅವರ ಕಣ್ಣು. ನಾನು ಮೂರು ಸಲ ನೋಡಿದರೂ ಕಂಡಿರಲಿಲ್ಲ. ನಂಬರು ಐವತ್ತೊಂಬತ್ತಕ್ಕೆ ಬಂದು ನಿಂತಿತು. ಮೊದಲಿಗಿಂತ ಕೆಟ್ಟದ್ದು ಎಂದೆ.

"ಒಸಿ ಜ್ವರ ಇರ್ಲಿ ಬುಡು. ನಡುಕ ನಿಂತಲ್ಲ."

ಮೂರು ದಿನ ಬೆಳಿಗ್ಗೆ ಬೆಳಿಗ್ಗೆ ಹೋಗಿ ನೋಡಿದೆವು. ಅಲುಗಾಡಲಿಲ್ಲ. ಇವತ್ತಿಗೂ ಅಲುಗಾಡಿಲ್ಲ.

ಮೂರನೆಯ ದಿನ ಹೊರಡುವಾಗ ಅವರು ಕೇಳಿದರು, "ಈ ಗದ್ದೆಯವ್ನು ಅವತ್ತೇನಂದಿದ್ದ? ಭತ್ತ ಆಕ್ತೀನಿ ಅಂದಿರ್ಲಿಲ್ವಾ?"

"ಅವನು ಸಿಗಲಿಲ್ಲ ಅಣ್ಣ," ಎಂದೆ.

ಗ್ರಹಚಾರ ನೋಡಿ, ಅದೇ ಮನುಷ್ಯ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ಬದುವಿನಿಂದ ಇಳಿದು ನಮ್ಮ ಮುಂದೆಯೇ ಬಂದ. ನನ್ನನ್ನು ಗುರುತು ಹಿಡಿದು, "ಓ, ಈವಮ್ಮ! ಬ್ಯಾಸ್ಗೇಲಿ ಬಂದಿದ್ರು. ನಾನು ಇಲ್ಲೇ ಉಣ್ತಾ ಕೂತಿದ್ದೆ. ಮಾತಾಡಿಸ್ತಾರೇನೋ ಅಂದ್ಕಂಡ್ರೆ ಬುರ್ ಅಂತ ಓಗೇಬುಟ್ರು," ಅಂದ.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಣ್ಣ ನನ್ನ ಕಡೆ ತಿರುಗಲೂ ಇಲ್ಲ. ಅವನ ಹತ್ತಿರ, "ಇದಾದ್ಮೇಲೆ ಮುಂದ್ಕೆ ಏನ್ ಆಕ್ತೀಯ ಅಣ್ಣ?" ಎಂದು ಕೇಳಿ, ಕಾಲು ಗಂಟೆ ಮಾತಾಡಿ, ಮೊಪೆಡ್ ಹತ್ತಿದರು.

ಆಫೀಸಿನಲ್ಲಿ ಸಾರ್‌ಗೆ ನೀರಿನ ವಿಷಯ ತಿಳಿಸಿದೆ. ಅವರಿಗೆ ಸಂತೋಷವಾಯಿತು. ಆಮೇಲೆ, ಅಣ್ಣ ಎದುರಿಗಿದ್ದಾಗಲೇ, "ಆದರೂ ಕಣ್ಣಿನ ವಿಷಯ ನೋಡಿ. ನಾಳೆ ಬಿದ್ದುಗಿದ್ದರೆ ನಾನು ಅವರ ಮನೆಯವರಿಗೆ ಏನು ಹೇಳಲಿ? ಇನ್ನು ಮೇಲೆ ಸ್ಟೋರಿನಲ್ಲಿರಲಿ," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಹೇಳಿದ್ದನ್ನು ನಂಬಿದ್ದರು, ಅಷ್ಟೇ. ಒಂದು ಮಾತು ಸಾಕಿತ್ತು: ಗೆರೆ ತುಂಡಾಗಿರಲಿಲ್ಲ ಸಾರ್, ಇವರ ಕಣ್ಣು ಸರಿಯಿದೆ, ತಪ್ಪು ನನ್ನ ಸರ್ವೆಯದು. ಅಣ್ಣ ನನ್ನನ್ನೇ ನೋಡಿದರು. ನಾನು ಕಾಣದವಳ ಹಾಗೆ ಲ್ಯಾಪ್‌ಟಾಪ್ ನೋಡಿದೆ. ಆಗ ಅವರು, "ಸರಿ ಸಾರ್," ಎಂದರು. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದ್ದು, "ಊಟ ಆಯ್ತಾ?"

ಎರಡು ವರ್ಷ ಸ್ಟೋರಿನಲ್ಲಿ ಕೂತರು. ಕೇಬಲ್ಲಿನ ತುದಿಗೆ ಪ್ಲಗ್ಗು ಹಾಕುವ ಕೆಲಸ. ಎಂಟು ಬಣ್ಣದ ಎಂಟು ಎಳೆ, ಕೂದಲಿನಷ್ಟು ಸಣ್ಣವು, ಸಾಲಾಗಿ ಹಿಡಿದು ಒತ್ತಬೇಕು. ಕಣ್ಣು ಕಾಣದವರಿಗೆ ಕೊಡುವ ಕೆಲಸವೇ ಅದು? ಅದನ್ನು ಕೇಳುವ ಬುದ್ಧಿ ಆಫೀಸಿನಲ್ಲಿ ಯಾರಿಗೂ ಬರಲಿಲ್ಲ. ನನಗೆ ಬಂದಿತ್ತು, ಕೇಳಲಿಲ್ಲ. ಟೀ ಹೊತ್ತಿನಲ್ಲಿ ಅವರು ಆಫೀಸಿನ ತಾರಸಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು. ನನ್ನ ಮೇಲೆ ಒಂದು ಕೊಂಕು ಮಾತು ಆಡಲಿಲ್ಲ. ನಾನು ಸರ್ವೆಯಿಂದ ಬಂದಾಗ ಮಾತ್ರ, "ಗದ್ದೆಯವ್ರನ್ನ ಕೇಳಿದ್ಯಾ?" ಅನ್ನುವರು. ಕೇಳಿದೆ ಅನ್ನುವೆ. ಆಗ ನಿಜವಾಗಿಯೂ ಕೇಳುತ್ತಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಆಮೇಲೊಂದು ದಿನ, ಸಾಕು ಸಾರ್, ಮನೇಲಿರ್ತೀನಿ ಎಂದು ಬಿಟ್ಟು ಹೋದರು. ಅದಾಗಿ ಒಂದೂವರೆ ವರ್ಷಕ್ಕೆ ಸುದ್ದಿ ಬಂತು.

ತಿಥಿಯ ದಿನ ನಿಡಘಟ್ಟಕ್ಕೆ ಹೋದೆ. ಅವರ ಹೆಂಡತಿ ಒಳಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅವರಿವರ ಮಾತು ಬಂತು, ಕಂಪನಿಯ ಮಾತು ಬಂತು.

"ಕಣ್ ಕಾಣಕಿಲ್ಲ ಅಂದ್ಬುಟ್ರಂತೆ ಆಫೀಸಲ್ಲಿ," ಎಂದರು. "ಮನೇಲಿ ನಂಗೆ ಸೂಜಿಗೆ ದಾರ ಏರ್ಸಿ ಕೊಡ್ತಿದ್ದೋರೇ ಅವ್ರು. ಕೊನೇ ವಾರಾನೂ ಏರ್ಸಿ ಕೊಟ್ರು. ಅದ್ಯಾವ ಬಾಯಲ್ಲಿ ಅಂದ್ರೋ."

ಅಂದವಳು ಪಕ್ಕದಲ್ಲೇ ಕೂತಿದ್ದಳು. ಎರಡು ವರ್ಷ ನನ್ನನ್ನು ಹತ್ತಿರ ಕೂರಿಸಿಕೊಂಡು ಊಟ ಆಯ್ತಾ ಎಂದು ಕೇಳಿದ ಮನುಷ್ಯ, ಮನೆಯಲ್ಲಿ ನನ್ನ ಹೆಸರನ್ನೂ ಎತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಾನೇ ಅಂದದ್ದು ಅಮ್ಮ ಎಂದೆ. ಗದ್ದೆ, ಕಬ್ಬು, ಕೆಂಪು ಗೆರೆ, ಎಲ್ಲಾ ಹೇಳಿ ಕಾಲು ಮುಟ್ಟಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಬಯ್ಯಲಿಲ್ಲ, ಅಳಲೂ ಇಲ್ಲ.

"ಅದ್ನ ಇಲ್ಲಿ ಬಂದು ಯಾಕ್ ಯೋಳ್ತೀಯವ್ವ? ನಂಗೊತ್ತು ಅವ್ರ ಕಣ್ ಎಂಗಿತ್ತು ಅಂತ. ಎಲ್ ಅಂದ್ಯೋ ಅಲ್ಲೇ ಓಗಿ ಯೋಳು. ಏಳು, ಮೊದ್ಲು ಉಣ್ಣೋಗು, ಎಲೆ ಆಕವ್ರೆ."

ಹೋಗಿ ಉಂಡೆ, ಎಲೆಯಲ್ಲಿ ಬಿಟ್ಟು ಏಳುವ ಧೈರ್ಯ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಎಲ್ಲರೂ ಸೇರಿದ್ದಾಗ ಎದ್ದು ನಿಂತೆ. ಕೊಪ್ಪದ ಕಡೆಯ ಆ ಆಸ್ಪತ್ರೆಯ ಲಿಂಕು ಕೆಟ್ಟದ್ದು ಅಣ್ಣನ ಕಣ್ಣಿನಿಂದಲ್ಲ ಸಾರ್, ನನ್ನ ಸರ್ವೆಯಿಂದ, ಅದು ನನಗೆ ಮೇಲೆ ಹತ್ತಿ ನೋಡಿದ ದಿನವೇ ಗೊತ್ತಿತ್ತು, ಗೊತ್ತಿದ್ದೂ ಅವರನ್ನು ಇಳಿಸಿ ಕೂರಿಸುವಾಗ ಸುಮ್ಮನಿದ್ದೆ ಎಂದೆ. ಸಾರ್ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಈಗ ಏನು ಮಾಡೋಕಾಗುತ್ತೆ ಮೇಡಂ," ಎಂದರು.

ಅಲ್ಲಿದ್ದ ಉಳಿದ ಮೂವರೂ ಅವರು ಬಿಟ್ಟು ಹೋದಮೇಲೆ ಸೇರಿದವರು. ಮುಖ ಮುಖ ನೋಡಿಕೊಂಡರು. ಕೊನೆಗೆ ಅವರಲ್ಲಿ ಒಬ್ಬಳು, ನನ್ನನ್ನು ಸಮಾಧಾನ ಮಾಡಬೇಕೋ ಬೇಡವೋ ಎಂದು ತಿಳಿಯದೆ, ಮೆಲ್ಲಗೆ ಕೇಳಿದಳು:

"ಮೇಡಂ, ಯಾರವರು?"

ಆಗ ಅಳು ಬಂತು. ಸಾರ್ ಒಬ್ಬರನ್ನು ಬಿಟ್ಟರೆ, ಯಾರ ಮುಂದೆ ಅವರ ಮರ್ಯಾದೆ ಕಳೆದಿದ್ದೆನೋ ಆ ಜನವೇ ಅಲ್ಲಿ ಉಳಿದಿರಲಿಲ್ಲ. ಇದ್ದವರಿಗೆ ಅವರೇ ಗೊತ್ತಿರಲಿಲ್ಲ. ಮುಖ ಒರೆಸಿಕೊಂಡು, ಕುರ್ಚಿ ಎಳೆದು ಕೂತು, ಅವರು ಯಾರೆಂದು ಹೇಳತೊಡಗಿದೆ.